ಒಸಡಿನ ಕೆಂಡ

ಪ್ರೀತಿಯ ಅಕ್ಕನಿಗೆ,

ಅಪ್ಪ ನಮ್ಮಿಬ್ಬರಿಗೂ ಬಿಟ್ಟುಹೋದ ಒಂದೇ ಆಸ್ತಿಯಾದ ಶುಗರ್ ನನಗೆ ಕೊನೆಗೂ ಇಳಿದಿದೆ, ಪಾದದ ಗಾಯವೂ ಮಾಯುತ್ತಿದೆ. ಹಲ್ಲಿನ ಡಾಕ್ಟರಮ್ಮನ ಕೃಪೆ ಎಂದರೆ ನಗುತ್ತೀಯ. "ಒಸಡಲ್ಲಿ ವರ್ಷಗಟ್ಟಲೆ ಉರಿಯೂತ ಇಟ್ಕೊಂಡು ಬರೀ ಮಾತ್ರೆ ಹೆಚ್ಚಿಸಿದ್ರೆ ಹೇಗ್ರೀ? ಬೂದಿ ಮುಚ್ಚಿದ ಕೆಂಡ ಅದು, ಮೈಗೆಲ್ಲಾ ತೊಂದ್ರೆ" ಎಂದು ಬೈಯುತ್ತಲೇ ಒಸಡು ಶುಚಿ ಮಾಡಿದರು. ಟೈರಿನ ಮೊಳೆ ತೆಗೆಸದೆ ದಿನಾ ಗಾಳಿ ತುಂಬಿಸುವ ಗಿರಾಕಿಗಳನ್ನು ಅಂಗಡಿಯಲ್ಲಿ ಗೇಲಿ ಮಾಡುವ ನಾನೂ ಮಾಡಿದ್ದು ಅದನ್ನೇ.

ಹಲ್ಲುಜ್ಜಿದ ಮೇಲೆ ನೀನು ನಲ್ಲಿ ಜೋರಾಗಿ ಬಿಟ್ಟು ರಕ್ತ ತೊಳೆಯುವುದನ್ನು ನೋಡಿದ್ದೇನೆ. ನಿನ್ನ ಕಾಲ್ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರ್ ಹೇಳಿದ್ದನ್ನು ಭಾವ ತಿಳಿಸಿದರು. ಇನ್ನೂ ಕಾಲ ಮಿಂಚಿಲ್ಲ. ಮಾತ್ರೆ ಬಿಡಬೇಡ, ಗುರುವಾರ ಕಾರು ತರುತ್ತೇನೆ, ಆ ಡಾಕ್ಟರಮ್ಮನ ಹತ್ತಿರ ಹೋಗೋಣ. ಚಿಕ್ಕಂದಿನಿಂದ ನನಗೆ "ಬಾಯಿ ಮುಚ್ಚೋ" ಎಂದವಳು ನೀನು. ಆ ದಿನ ಒಂದು ಸಲ ನೀನು ಬಾಯಿ ತೆರೆ, ಸಾಕು.

ನಿನ್ನ ಬಾಯಿಬಡುಕ ತಮ್ಮ