ಚಿಂತವಾಗಿನ ಮೇಲೆ ಮೊದಲ ಗಾಡಿ

ಲಿಂಗಂಪಲ್ಲಿ, ಹೈದರಾಬಾದ್
೩೦ ಜುಲೈ ೨೦೨೫, ಬುಧವಾರ ಬೆಳಿಗ್ಗೆ

ಪ್ರೀತಿಯ ತಂಗಿ ಶರ್ವರಿಗೆ ಅಣ್ಣನ ಆಶೀರ್ವಾದ.

ಕೆಮ್ಮು ಹೇಗಿದೆ? ದಿನವಿಡೀ ಒದ್ದೆ ಬೂಟಿನಲ್ಲೇ ನಿಂತಿರುತ್ತೀಯಂತೆ. ನಿಮ್ಮ ಜೀಪಿನ ಡ್ರೈವರ್ ಶಾಂತಕುಮಾರ ಹೇಳಿದ. ಅವನ ಕೈಯಲ್ಲೇ ಕಷಾಯದ ಪುಡಿ ಕಳಿಸುತ್ತಿದ್ದೇನೆ. ಸಿಮೆಂಟಿನ ಚೀಲದ ಪಕ್ಕ ಇಡಬೇಡ, ಬಣ್ಣವೂ ಒಂದೇ, ರುಚಿಯೂ ಹೆಚ್ಚುಕಡಿಮೆ ಒಂದೇ. ನಿನ್ನ ಕೆಲಸದ ಜಾಗದಲ್ಲಿ ಫೋನು ಹತ್ತುವುದಿಲ್ಲ, ಆದ್ದರಿಂದ ಈ ಕಾಗದ. ನಾವೆಲ್ಲ ಕ್ಷೇಮ. ನಿನ್ನ ಅತ್ತಿಗೆ ದೀಪ್ತಿ ನನ್ನನ್ನು ಸಹಿಸಿಕೊಂಡಿದ್ದಾಳೆ ಎಂಬುದೇ ಅವಳ ಆರೋಗ್ಯಕ್ಕೆ ಸಾಕ್ಷಿ. ನಿನ್ನೆ ಪಂಚಮಿ. ಅಮ್ಮ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಮಾಡಿ ಡಬ್ಬಿ ತುಂಬಿಸಿದಳು. ತವರಿಗೆ ಬಾರದ ಮಗಳ ಪಾಲನ್ನು ನಾನೇ ತಿನ್ನಲೇ ಎಂದು ಕೇಳಿದ್ದಕ್ಕೆ, "ಮಗನ ಪಾಲೂ ನಿನಗ, ಮಗಳ ಪಾಲೂ ನಿನಗ. ನಿನ್ನ ಬೆಲ್ಟಿನ ಪಾಡು ಒಂದೀಟು ನೋಡಪಾ" ಎಂದಳು.

ಇನ್ನು ನಿನ್ನ ಹಳ್ಳದ ವಿಷಯ. ತೆಲುಗಿನಲ್ಲಿ ಚಿಂತ ಎಂದರೆ ಹುಣಸೆ, ವಾಗು ಎಂದರೆ ಹಳ್ಳ. ಚಿಂತವಾಗು ಎಂದು ಹೆಸರಿಟ್ಟ ಪುಣ್ಯಾತ್ಮರಿಗೆ ಕನ್ನಡ ಬರುತ್ತಿರಲಿಲ್ಲ, ಪಾಪ. ಆ ಹೆಸರು ಕೇಳಿದರೆ ನನಗೆ ಬಾಯಲ್ಲಿ ನೀರು ಬರುವುದಿಲ್ಲ, ಹಣೆಯ ಮೇಲೆ ಬರುತ್ತದೆ. ಹೋದ ವರ್ಷದ ನೆರೆಯಲ್ಲಿ ಅದು ನಿಮ್ಮ ಕಂಪನಿಯ ಪುಟ್ಟ ರೈಲುದಾರಿಯ ಸೇತುವೆಯನ್ನು ಹೊತ್ತೊಯ್ದಾಗ ಸರ್ಕಾರ ದುರಸ್ತಿಗೆ ಅನುದಾನ ಕೊಟ್ಟಿತು. ಆದರೆ ಇದ್ದದ್ದನ್ನು ಇದ್ದ ಹಾಗೆಯೇ ಕಟ್ಟಬೇಕು. ನೀರು ಹೋಗಲು ಮೂರು ಕಂಡಿ ಸಾಲದೆಂದೇ ಸೇತುವೆ ಕೊಚ್ಚಿಹೋಯಿತು, ಐದು ಬೇಕು ಎಂದು ನೀನು ಬರೆದೆ. ಐದು ಕಟ್ಟಿದರೆ ಅದು ಅಭಿವೃದ್ಧಿ, ನಾವು ಕೊಡುವುದು ದುರಸ್ತಿಗೆ ಎಂದು ಉತ್ತರ ಬಂತು. ಎಡವಿ ಬಿದ್ದವನಿಗೆ ಮದ್ದು ಹಚ್ಚಿ, ಅದೇ ಕಲ್ಲನ್ನು ಮತ್ತೆ ಅದೇ ದಾರಿಯಲ್ಲಿ ನೆಟ್ಟ ಹಾಗಾಯಿತು. ಅನುದಾನದ ಜೊತೆ ಅನುಮಾನವನ್ನೂ ಮಂಜೂರು ಮಾಡಿದ್ದಾರೆ ಎಂದು ನಾನು ಅಂದಾಗ ನೀನು ನಕ್ಕಿದ್ದೆ.

ಹೋದ ವಾರ ಜಂಕ್ಷನ್ನಿಗೆ ಬಂದು ಫೋನು ಮಾಡಿದಾಗ ನೀನು ನಗಲಿಲ್ಲ. ಸೇತುವೆಗೆ ಸೇರುವ ಹೊಸ ಏರಿಯ ಮಣ್ಣು ಕುಸಿಯುತ್ತಿದೆ, ಬಿರುಕಿನೊಳಗೆ ಕೈಬೆರಳು ಹೋಗುತ್ತದೆ, ಅಮ್ಮನಿಗೆ ಮಾತ್ರ ಹೇಳಬೇಡ ಎಂದೆ. ಈ ಶುಕ್ರವಾರದೊಳಗೆ ಗಾಡಿ ಓಡಿಸಿ ತೋರಿಸದಿದ್ದರೆ ಕೊನೆಯ ಕಂತು ಇಲ್ಲ, ಕಂತು ಬರದಿದ್ದರೆ ಲೈನೇ ಬಂದ್. ಆ ಕಡೆಯ ಊರುಗಳ ಹುಡುಗಿಯರಿಗೆ ಕಾಲೇಜಿಗೆ ಹೋಗಲು ಅದೊಂದೇ ಗಾಡಿ ಎಂದೂ ನೀನೇ ಹೇಳಿದೆ. ಸೇತುವೆ ಗಟ್ಟಿಯಾಗಿದೆ ಎಂದು ನಿನ್ನ ಸಹಿ ಬಿದ್ದರೆ ಮಾತ್ರ ಗಾಡಿ ಹೊರಡುತ್ತದೆ. ಕಂತಿನ ಆಸೆಗೆ ಗಾಡಿ ಕಂತಬಾರದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಹುಟ್ಟಿದ ಮೇಲೆ ಮೊದಲ ಸಲ ಒಂದು ಶ್ಲೇಷೆಯನ್ನು ನುಂಗಿದೆ. ಇನ್ನೂ ಗಂಟಲಲ್ಲೇ ಇದೆ.

ನಿನಗೆ ತಿಳಿಯದ ಸಂಗತಿಯೊಂದಿದೆ. ಭಾನುವಾರ ನಿನ್ನ ಸಾಹೇಬರಾದ ಸೀತಾರಾಮ ಅವರು ನಮ್ಮ ಮನೆಗೆ ಫೋನು ಮಾಡಿದ್ದರು. ರಾಯಚೂರಿನ ಕಡೆಯ ಮನುಷ್ಯ, ಮಾತು ಬೆಣ್ಣೆ. ಎತ್ತಿಕೊಂಡವಳು ಅಮ್ಮ. "ಮೊದಲನೇ ಗಾಡ್ಯಾಗ ಎಂಜಿನಿಯರ್ ಮನಿ ಮಂದಿ ಕೂತರ ಊರ ಮಂದಿಗೆ ಧೈರ್ಯ ಬರ್ತದರಿ. ನೀವು ಬರಲೇಬೇಕ್ರಿ ತಾಯಿ" ಎಂದರಂತೆ. ನೀನು ಸಹಿಗೆ ಹಿಂಜರಿಯುತ್ತಿರುವುದನ್ನು ಹೇಳಲಿಲ್ಲ. ಅಮ್ಮನೋ, ಲಗ್ನಕ್ಕೆ ಕರೆದ ಹಾಗೆ ಕರೆದರು ಎಂದು ಓಣಿಗೆಲ್ಲ ಸಾರಿದ್ದಾಳೆ. ಮಂಡಿನೋವು, ಮಳೆ, ಜೀಪಿನಲ್ಲಿ ಜಾಗವಿಲ್ಲ ಎಂದು ಏನೇನೋ ಸುಳ್ಳು ಹೇಳಿ ಸದ್ಯಕ್ಕೆ ತಡೆದಿದ್ದೇನೆ. ಆ ಚಿಂತೆ ನೀನು ಬಿಡು.

ಇಲ್ಲಿ ಮಳೆ ನಿಂತಿಲ್ಲ. ಬೆಳಿಗ್ಗೆ ಹಾಲಿಗೆ ಹೋದರೆ ಸ್ಟೇಷನ್ ಪಕ್ಕದ ಕೆಳದಾರಿಯಲ್ಲಿ ಎದೆಮಟ್ಟ ನೀರು. ಆಟೋದವನೊಬ್ಬ, "ಪರೇಶಾನ್ ನಕ್ಕೋ ಹೋ ಸಾಬ್, ಉತರ್ ಜಾತಾ" ಎಂದು ಸಮಾಧಾನ ಹೇಳಿದ. ಇಳಿಯುತ್ತದೆ, ನಿಜ. ಇಳಿದ ನೀರೆಲ್ಲ ಯಾವ ಹಳ್ಳ ಹುಡುಕಿಕೊಂಡು ಹೋಗುತ್ತದೋ ಎಂದು ಯೋಚಿಸುತ್ತ ನಿಂತವನು ಹಾಲು ತಾರದೆ ಮನೆಗೆ ಬಂದೆ. ಲೋಕಲ್ ರೈಲು ಹಾದುಹೋದಾಗಲೆಲ್ಲ ನಮ್ಮ ಮನೆಯ ಕಿಟಕಿ ನಡುಗುವುದು ನಿನಗೆ ಗೊತ್ತಲ್ಲ? ಮೊದಲು ಕಿಟಕಿ ಮಾತ್ರ ನಡುಗುತ್ತಿತ್ತು.

ಸಹಿ ಹಾಕು ಎಂದಾಗಲಿ ಹಾಕಬೇಡ ಎಂದಾಗಲಿ ನಾನು ಬರೆಯುವುದಿಲ್ಲ. ಕಾಲೇಜಿನಲ್ಲಿ ಕಾಮರ್ಸ್ ಹೇಳುವವನಿಗೆ ಕಾಂಕ್ರೀಟು ಏನು ತಿಳಿದೀತು? ಆ ಹುಡುಗಿಯರ ಮುಖ ದಿನಾ ನೋಡುವವಳು ನೀನು. ಬೂಟು ಒಣಗಿಸಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ರಾಯರು ನಿನ್ನ ತಲೆ ಕಾಯಲಿ. ಕಾಲ ಕೆಳಗಿನ ಮಣ್ಣನ್ನೂ ಸ್ವಲ್ಪ ನೋಡಿಕೊಳ್ಳಲಿ.

ನಿನ್ನ
ಕೇದಾರಣ್ಣ

ಗಡಿಬಿಡಿಯಲ್ಲಿ, ಜೀಪಿನ ಬಾನೆಟ್ಟಿನ ಮೇಲಿಟ್ಟು ಬರೆದದ್ದು: ಕಾಗದ ಕೊಡಲು ಕೆಳಗಿಳಿದರೆ ಅಮ್ಮ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ಶಾಂತಕುಮಾರನಿಗೆ ನಿನ್ನೆಯೇ ಹೇಳಿಟ್ಟಿದ್ದಳಂತೆ. ನಿನಗೆ ಕೊಟ್ಟ ಮಾತು ಮುರಿದೆ, ಶರೂ. ಮಣ್ಣು, ಬಿರುಕು, ಮೂರು ಕಂಡಿ, ಎಲ್ಲಾ ಹೇಳಿದೆ. ಗಾಡಿ ಹಳ್ಳಕ್ಕೆ ಬೀಳಬಹುದು ಎಂದು ಬಾಯಿ ಬಿಟ್ಟೇ ಹೇಳಿದೆ. ನನ್ನ ಜೋಕಿಗೆ ಒಂದು ದಿನವೂ ನಗದ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇಷ್ಟು ವರ್ಷಕ್ಕ ಒಂದು ಛಲೋ ಚ್ಯಾಷ್ಟಿ ಮಾಡಿದಿ ನೋಡೋ ಕೇದ್ಯಾ" ಎಂದಳು. ಕೈ ಮುಗಿದೆ, ಅದಕ್ಕೂ ನಕ್ಕಳು. ಶಾಂತಕುಮಾರ ಹಾರ್ನ್ ಹೊಡೆಯುತ್ತಿದ್ದಾನೆ. ಅವಳು ಇಳಿಯುವುದಿಲ್ಲ. ಅಲ್ಲಿ ಗಾಡಿ ನಿಂತಿದ್ದರೆ ಹತ್ತಿಯೇ ಹತ್ತುತ್ತಾಳೆ. ಸಹಿ ಹಾಕಬೇಡ.