ಇಪ್ಪತ್ತಾರು ಮೀಟರ್ ಹಾವಿಗೆ ಒಂದೇ ಕಾರ್ಡು

ಜನವರಿ 14, ಮಂಗಳವಾರ

ಇವತ್ತೂ ನಿಂತಿತು. ಅನಿಮೇಶನ್ನಿನ ನೂರಾ ಹನ್ನೆರಡನೇ ಚಿತ್ರಕ್ಕೆ ಸರಿಯಾಗಿ. ಪರದೆಯ ಮೇಲೆ ಅದೇ ಸಾಲು — ಮೆಮೊರಿ ಸಾಲದು. ಕಾಫಿ ಮಾಡಿಕೊಂಡು ಬಂದು ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲೇ. ಹಾವು ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಕೈ ಎತ್ತುತ್ತದೆ. ದರಿದ್ರದ್ದು.

ಇಪ್ಪತ್ತಾರು ಮೀಟರ್ ಉದ್ದದ ಹಾವಿನ ಗೊಂಬೆ. ನದಿಯ ತಳದಿಂದ ಎದ್ದು ಬರಬೇಕು, ಮೈಮೇಲಿನ ಒಂದೊಂದು ಚಿಪ್ಪೂ ಬೇರೆ ಬೇರೆ ಅಲುಗಬೇಕು. ಅದು ಹೇಗೆ ಅಲುಗುತ್ತದೆ ಅಂತ ಹಬ್ಬದ ಕಮಿಟಿಯವರಿಗೆ ಪರದೆಯ ಮೇಲೆ ತೋರಿಸಿದರೆ ಮಾತ್ರ ನಂಬುತ್ತಾರೆ. ಫೆಬ್ರವರಿ ಹತ್ತಕ್ಕೆ ಆಯ್ಕೆ. ಜೂನ್ ತಿಂಗಳ ಎತ್ತಿನ ಹಬ್ಬದ ಕೊನೆಯ ದಿನಕ್ಕೆ ಒಂದೇ ದೊಡ್ಡ ಗೊಂಬೆ — ನನ್ನ ಹಾವು, ಇಲ್ಲವೇ ನಮ್ಮ ಗೊಂಬೆ ಶೆಡ್ಡಿನ ರೂಬೆನಿಲ್ಸನ್‌ನ ಚಿರತೆ. ಅವನದು ಮೂರು ವರ್ಷದಿಂದ ಚಿರತೆಯೇ. ಬಾಲ ಮಾತ್ರ ಬದಲಾಗುತ್ತದೆ.

ನಾನು ಹನ್ನೊಂದು ವರ್ಷ ಈ ಶೆಡ್ಡಿನಲ್ಲಿ ಬೇರೆಯವರ ಗೊಂಬೆಗಳಿಗೆ ಗರಿ ಅಂಟಿಸಿದ್ದೇನೆ. ಸಾಕು. ಈ ಸಲ ಗೊಂಬೆಯೇ ನನ್ನದು.

ಜನವರಿ 17

ಅದಮೋರ್ ಮೇಸ್ತ್ರಿ ಒಪ್ಪಿದರು! ಶೆಡ್ಡಿನ ಯಜಮಾನಿಕೆ ಇಪ್ಪತ್ತು ವರ್ಷದಿಂದ ಅವರದೇ. "ಏನು ಬೇಕೋ ತರಿಸ್ಕೋ ಮಗಳೇ, ಆಮೇಲೆ ಕಂಪ್ಯೂಟರ್ ಸರಿ ಇರ್ಲಿಲ್ಲ ಅಂತ ರಾಗ ಎಳೀಬೇಡ."

ಮನಾಉಸ್ ನಗರದ ಅಂಗಡಿಗೆ ಫೋನ್ ಮಾಡಿದೆ. ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ದಾರಿ. ಹದಿನಾರು ಜಿಬಿ ಮೆಮೊರಿಯ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡು. ಅಥವಾ ಎಂಟೆಂಟರ ಎರಡು ಸಣ್ಣವು.

ಯೋಚಿಸುವುದೇನಿದೆ? ಹಾವಿಗೆ ಹದಿನಾಲ್ಕು ಬೇಕು. ಎರಡು ಕಾರ್ಡು ಹಾಕಿದರೆ ಸಣ್ಣ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಒಂದೊಂದು ಕಾರ್ಡೂ ಇಡೀ ಹಾವನ್ನು ತನ್ನೊಳಗೇ ಹಿಡಿಸಿಕೊಳ್ಳಬೇಕು. ತಲೆ ಇದರಲ್ಲಿ, ಬಾಲ ಅದರಲ್ಲಿ ಅಂದರೆ ನಡೆಯುವುದಿಲ್ಲ. ಒಂದೇ ಬೇಕು.

ತೊಂದರೆ ಒಂದೇ. ಆ ದೊಡ್ಡ ಕಾರ್ಡಿನ ದೀಪ ನೀಲಿ.

ಜನವರಿ 18, ಶನಿವಾರ

ಮೀಟಿಂಗು. ಸಿಟ್ಟು ಇನ್ನೂ ಇಳಿದಿಲ್ಲ.

ಮೇಸ್ತ್ರಿ: "ಎಂಟೂ ಎಂಟೂ ಹದಿನಾರೇ ತಾನೆ?"

"ಇದರಲ್ಲಿ ಅಲ್ಲ ಮೇಸ್ತ್ರಿ."

"ಲೆಕ್ಕವೂ ಬದಲಾಯ್ತಾ ಈಗ?" ಅಂದ ರೂಬೆನಿಲ್ಸನ್. ಎಲ್ಲರೂ ನಕ್ಕರು.

ಅರ್ಥವಾಗಲಿ ಅಂತ ನಾನೇ ಉದಾಹರಣೆ ಕೊಟ್ಟೆ. "ಎರಡು ಸಣ್ಣ ದೋಣೀಲಿ ಒಂದು ಎಮ್ಮೆ ಸಾಗಿಸೋಕಾಗುತ್ತಾ?"

"ಯಾಕಾಗಲ್ಲ?" ಅಂದರು ಮೇಸ್ತ್ರಿ. "ಪಕ್ಕಪಕ್ಕ ಕಟ್ಟಿ ಮೇಲೆ ಹಲಗೆ ಹಾಕೋದು. ಹೋದ ಪ್ರವಾಹದಲ್ಲಿ ಹಾಗೇ ಅಲ್ವಾ ನಾವು ಒಂಬತ್ತು ಎಮ್ಮೆ ದಾಟಿಸಿದ್ದು?"

ತಿರುಗುಬಾಣ. ನನ್ನ ಬುದ್ಧಿಗಿಷ್ಟು! ನದಿ ನಡುವೆ ಹುಟ್ಟಿ ಬೆಳೆದವಳು ಆ ಮಾತು ಆಡಬಹುದೇ? ಆಮೇಲೆ ಒಂದು ತಾಸು ಎಮ್ಮೆಯದೇ ಕಥೆ. ಯಾವುದು ಹೆದರಿತು, ಯಾವುದು ಯಾರನ್ನು ನೀರಿಗೆ ಬೀಳಿಸಿತು...

ಕೊನೆಗೆ ಯಾರೋ ದೊಡ್ಡ ಕಾರ್ಡಿನ ದೀಪದ ಬಣ್ಣ ಕೇಳಿದರು. ಸುಳ್ಳು ಹೇಳಲಿಲ್ಲ, ನೀಲಿ ಅಂದೆ. ಹಬ್ಬದಲ್ಲಿ ಸೆಣಸುವುದು ಎರಡು ಎತ್ತಿನ ತಂಡ; ಈ ದ್ವೀಪದಲ್ಲಿ ಹುಟ್ಟಿದವರು ಒಂದೋ ನಮ್ಮ ಕೆಂಪೆತ್ತಿನ ಕಡೆ, ಇಲ್ಲ ಎದುರಿನವರ ಕಡೆ. ಎದುರಿನವರ ಎತ್ತಿನ ಹೆಸರನ್ನೂ ನಾವು ಬಾಯಲ್ಲಿ ಆಡುವುದಿಲ್ಲ. ಅವರ ಬಣ್ಣ ನೀಲಿ. ನಮ್ಮ ಶೆಡ್ಡಿನೊಳಗೆ ನೀಲಿ ಬಕೆಟ್ಟೂ ಇಲ್ಲ.

"ಕಪ್ಪು ಟೇಪ್ ಅಂಟಿಸ್ತೀನಿ ಮೇಸ್ತ್ರಿ."

"ಟೇಪಿನ ಕೆಳಗೆ ನೀಲೀನೇ ಅಲ್ವಾ?"

ಸಣ್ಣ ಕಾರ್ಡುಗಳ ದೀಪ ಕೆಂಪು. ತೀರ್ಮಾನವಾಯಿತು. ಎರಡು.

ಜನವರಿ 27, ಸೋಮವಾರ

ದೋಣಿಯಲ್ಲಿ ಬಂದವು. ಹಾಕಿದೆ. ಕೆಂಪಗೆ ಹೊತ್ತಿಕೊಂಡವು. ಶೆಡ್ಡಿನವರೆಲ್ಲ ಸುತ್ತ ನಿಂತು ಚಪ್ಪಾಳೆ ಹೊಡೆದರು, ಇಬ್ಬರು ಹಾಡೂ ಶುರು ಮಾಡಿದರು.

ಹಾವು ತೆರೆದೆ. ಮೆಮೊರಿ ಸಾಲದು.

ಹಾಡು ನಿಂತಿತು. ಮೇಸ್ತ್ರಿ ಗಡ್ಡ ಕೆರೆದುಕೊಂಡರು. "ಹಾವನ್ನೇ ಸ್ವಲ್ಪ ಸಣ್ಣ ಮಾಡಿಬಿಡು."

ಮಾಡಿ ನೋಡಿದೆ. ಚಿಪ್ಪು ಅರ್ಧಕ್ಕೆ ಇಳಿಸಿದೆ. ತೋಟಕ್ಕೆ ನೀರು ಬಿಡುವ ಪೈಪಿನ ಹಾಗೆ ಕಂಡಿತು. ರೂಬೆನಿಲ್ಸನ್ ಹಿಂದಿನಿಂದ ನೋಡಿ, "ಚೆನ್ನಾಗಿದೆ ಜಾಂದೀರಾ, ಕೊನೆಗೊಂದು ನಲ್ಲಿ ಹಾಕು" ಅಂದ.

ಅಳಿಸಿಬಿಟ್ಟೆ. ಪೈಪು ಮಾಡುವುದಕ್ಕೆ ನಾನು ಬೇಕಾಗಿಲ್ಲ.

ಜನವರಿ 29

ಎರಡೂ ಕಾರ್ಡು ಚೀಲದಲ್ಲಿವೆ. ದೋಣಿಯಲ್ಲಿ ಕಟ್ಟಿ ಮಲಗಲು ಹಗ್ಗದುಯ್ಯಾಲೆಯೂ ಇದೆ. ಮನಾಉಸ್‌ಗೆ ಹನ್ನೊಂದರ ದೋಣಿ. ಶೆಡ್ಡಿನಲ್ಲಿ ಯಾರಿಗೂ ಹೇಳಿಲ್ಲ. ಕದ್ದಳು ಅಂದರೆ ಅನ್ನಲಿ.

ಫೆಬ್ರವರಿ 3, ಸೋಮವಾರ, ಬೆಳಗ್ಗೆ

ಬದಲಾಯಿಸಿಕೊಂಡು ಬಂದೆ. ಎರಡು ಕೊಟ್ಟೆ, ಒಂದು ತಂದೆ. ಅಂಗಡಿಯವಳು ಒಂದೇ ಮಾತು ಕೇಳಿದಳು. "ಕೆಂಪು ಕೊಟ್ಟು ನೀಲಿ ಒಯ್ತೀಯಾ? ಆ ದ್ವೀಪದವಳಾ ನೀನು?"

ಮೇಸ್ತ್ರಿಗೆ ನಾನೇ ಹೋಗಿ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ. ಮುಖ ಕೆಂಪಾಗಿ, ಟೋಪಿ ತೆಗೆದು ಮೇಜಿಗೆ ಬಡಿದರು. "ಶೆಡ್ಡಿನ ದುಡ್ಡಲ್ಲಿ ನೀಲಿ! ನಮ್ಮ ಅಪ್ಪ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಿದ್ದ!"

"ಬರ್ಲಿ ಮೇಸ್ತ್ರಿ. ಹಾವು ನೋಡ್ಕೊಂಡು ಹೋಗ್ಲಿ."

ಶೆಡ್ಡಿಗೆ ಕಾಲಿಡಬೇಡ ಅಂದರು. ಸರಿ. ಆದರೆ ಹತ್ತನೇ ತಾರೀಖಿನ ಪಟ್ಟಿಯಿಂದ ಹೆಸರು ಹೊಡೆಯಲಿಲ್ಲ. ನಾನೂ ನೆನಪಿಸಲಿಲ್ಲ. ಕಂಪ್ಯೂಟರ್ ನನ್ನದೇ, ಹೊತ್ತುಕೊಂಡು ಮನೆಗೆ ಬಂದೆ.

ಅದೇ ದಿನ, ಮಧ್ಯಾಹ್ನ

ಮನೆಯಲ್ಲಿ ಅಮ್ಮ. ನಲವತ್ತು ವರ್ಷದಿಂದ ಕೆಂಪೆತ್ತಿನವರಿಗೆ ಲಂಗ ಹೊಲಿದವಳು. ಗೋಡೆ ಕೆಂಪು, ಪರದೆ ಕೆಂಪು, ನೀರಿನ ಹೂಜಿಯೂ ಕೆಂಪು. ನಾನು ಸ್ವಿಚ್ ಹಾಕಿದೆ. ಮೂಲೆಯಿಡೀ ನೀಲಿಯಾಯಿತು.

ಅಮ್ಮ ಮೀನು ಕೊಯ್ಯುತ್ತಿದ್ದವಳು ಚಾಕು ಇಟ್ಟಳು.

"ಈ ಮನೇಲಿ ಅದು ಉರಿಯೋ ಹಾಗಿಲ್ಲ."

"ಉರಿಯುತ್ತೆ ಅಮ್ಮ. ಏಳು ದಿನ."

"ನಿನ್ನ ಹೆತ್ತಿದ್ದು ಹಬ್ಬದ ದಿನ ಕಣೇ, ಕೆಂಪು ಬಾವುಟದ ಮೇಲೆ!"

"ಗೊತ್ತು. ಹುಟ್ಟಿದಾಗಿಂದ ಅದನ್ನೇ ಕೇಳ್ತಿದೀನಿ."

ತಂಬಾಕಿ ಮೀನು ಒಂದೇ ತಟ್ಟೆಗೆ ಬಡಿಸಿಕೊಂಡಳು. ನಾನು ಬರೀ ಮರಗೆಣಸಿನ ಹಿಟ್ಟು ತಿಂದೆ. ಉಪವಾಸ ಕೆಡವಿ ಸೋಲಿಸಬಹುದು ಅಂದುಕೊಂಡಿದ್ದಾಳೆ, ಪಾಪ.

ಫೆಬ್ರವರಿ 5

ಸಂತೆಯಿಂದ ಬರುವಷ್ಟರಲ್ಲಿ ಕಂಪ್ಯೂಟರಿನ ಮೇಲೆ ದಪ್ಪ ಕೆಂಪು ಬಟ್ಟೆ ಹೊದಿಸಿದ್ದಾಳೆ. ಗಾಳಿ ಆಡದೆ ಕಾದು ಕೆಂಡವಾಗಿ ತಾನೇ ಆರಿಹೋಗಿದೆ. ಒಂದೂವರೆ ದಿನದ ಕೆಲಸದ ಕಡತ ಕೆಟ್ಟಿತು. ಕೂಗಾಡಬೇಕು ಅಂತ ಬಾಯಿ ತೆರೆದೆ, ಅಳು ಬಂತು. ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಅಮ್ಮ ಬಾಗಿಲಲ್ಲಿ ನಿಂತೇ ಇದ್ದಳು.

ಕಣ್ಣೊರೆಸಿಕೊಂಡು ಮತ್ತೆ ಒಂದನೇ ಚಿತ್ರದಿಂದ ಶುರು ಮಾಡಿದೆ. ಇನ್ನು ಐದು ದಿನ. ಸಾಲುವುದೋ ಇಲ್ಲವೋ... ಸಾಲಿಸುತ್ತೇನೆ.

ಫೆಬ್ರವರಿ 6

ಬಟ್ಟೆ ಇಲ್ಲ. ಪಕ್ಕದಲ್ಲಿ ಫ್ಯಾನು. ಅಮ್ಮನ ಹೊಲಿಗೆ ಕೋಣೆಯ ಫ್ಯಾನು. ಅವಳು ಸೆಖೆಯಲ್ಲಿ ಬೆವರು ಸುರಿಸಿಕೊಂಡು ಹೊಲಿಯುತ್ತಿದ್ದಾಳೆ, ಕಂಪ್ಯೂಟರಿನ ಕಡೆಗೆ ಬೆನ್ನು ಹಾಕಿ.

"ಥ್ಯಾಂಕ್ಸ್ ಅಮ್ಮ."

"ನನಗೇನೂ ಗೊತ್ತಿಲ್ಲ. ಮಾತಾಡಿಸ್ಬೇಡ."

ಫೆಬ್ರವರಿ 9

ಎದ್ದಿತು!!! ನೀರು ಸೀಳಿಕೊಂಡು ಎದ್ದಿತು. ಒಂದೊಂದು ಚಿಪ್ಪೂ. ಹತ್ತು ಸಲ ನೋಡಿದೆ. ಅಮ್ಮನೂ ನೋಡಿದಳು, ಪರಾತ ಒರೆಸುವ ನೆಪದಲ್ಲಿ.

ಫೆಬ್ರವರಿ 10, ಸೋಮವಾರ, ಸಂಜೆ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಆಯ್ಕೆ ಶಾಲೆಯ ಹಾಲ್‌ನಲ್ಲಿ. ಹನ್ನೊಂದು ಜನ ಕಮಿಟಿ, ಹಿಂದೆ ವೆಲ್ಡಿಂಗಿನವರು, ಬಣ್ಣದವರು, ಕೊನೆಯ ಬೆಂಚಿನಲ್ಲಿ ಅಮ್ಮ. ಮೊದಲು ರೂಬೆನಿಲ್ಸನ್‌ನ ಮಣ್ಣಿನ ಚಿರತೆ. ಚೆನ್ನಾಗಿಯೇ ಇತ್ತು, ಅನ್ಯಾಯ ಯಾಕೆ ಆಡಲಿ. ಆಮೇಲೆ ನನ್ನ ಚಿತ್ರ. ಹಾವು ತಲೆ ಎತ್ತಿದಾಗ ವೆಲ್ಡಿಂಗಿನವನೊಬ್ಬ ಎದ್ದೇ ನಿಂತ. ಮುಗಿದ ಮೇಲೆ ಮೇಸ್ತ್ರಿ ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.

ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಹಾವು ನಿಂದೇ ಮಗಳೇ. ಒಂದೇ ಒಂದು ಮಾತು ಹೇಳಿಬಿಡು. ಎರಡು ಕೆಂಪು ಕಾರ್ಡಲ್ಲೇ ಮಾಡಿದ್ದು ಅಂತ. ಊರಿಗೆಲ್ಲ ಹಾಗೇ ಹೇಳಿದೀವಿ. ನಿನ್ನ ಗಂಟೇನು ಹೋಗುತ್ತೆ?"

ಏನೂ ಹೋಗುತ್ತಿರಲಿಲ್ಲ. ಹೌದು ಅಂದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹನ್ನೊಂದು ವರ್ಷದ ಗರಿ, ಗೋಂದು, ಎಲ್ಲ ಸಾರ್ಥಕ. ಬಾಯಿ ತನಕ ಬಂದಿತ್ತು ಆ ಹೌದು. ನಿಜ ಬರೆಯಬೇಕಲ್ಲ, ಬಂದಿತ್ತು.

ಆದರೆ ಮುಂದಿನ ವರ್ಷವೂ ಎರಡು ಕೆಂಪೇ ತರುತ್ತಾರೆ. ಎಂಟೂ ಎಂಟೂ ಹದಿನಾರು ಅನ್ನುತ್ತಾರೆ. ನನ್ನನ್ನೇ ಸಾಕ್ಷಿಗೆ ಕರೆಯುತ್ತಾರೆ.

ಹಾಲ್‌ಗೆಲ್ಲ ಕೇಳುವ ಹಾಗೆ ಹೇಳಿದೆ. "ಒಂದೇ ಕಾರ್ಡು. ನೀಲಿ. ಎರಡು ಕೆಂಪಲ್ಲಿ ಈ ಹಾವು ಹಿಡಿಸಲೇ ಇಲ್ಲ, ನೀವೆಲ್ಲ ನಿಂತು ನೋಡಿದ್ರಿ."

ಗಲಾಟೆಯೋ ಗಲಾಟೆ. ದ್ರೋಹಿ ಅಂದ ಒಬ್ಬ. ಎದುರಿನವರ ಕಡೆ ಹೋಗು ಅಂದ ಇನ್ನೊಬ್ಬ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಮ್ಮನ ದನಿ.

"ಯಾವನೋ ಅವನು ದ್ರೋಹಿ ಅಂದಿದ್ದು? ಎದ್ದು ನಿಂತ್ಕೊಂಡು ಅನ್ನು! ನೀನು ಹಾಕಿರೋ ಕೆಂಪಂಗಿ ಹೊಲಿದಿದ್ದು ನಾನು. ಆ ನೀಲಿ ನನ್ನ ಮನೇಲೇ ಏಳು ದಿನ ಉರೀತು. ನಾನೇನು ಸತ್ತೆನಾ? ಬಣ್ಣ ಕೆಟ್ಟಿತಾ ನಂದು?"

ಯಾವನೂ ಏಳಲಿಲ್ಲ. ತೀರ್ಮಾನ ನಾಳೆ ಅಂತ ಸಭೆ ಮುರಿದರು. ದಾರಿಯುದ್ದಕ್ಕೂ ಅಮ್ಮ ನನ್ನನ್ನೇ ಬೈದಳು.

ಫೆಬ್ರವರಿ 11, ಬೆಳಗ್ಗೆ ಒಂಬತ್ತು

ಗೇಟಿನಲ್ಲಿ ಮನೆಯವರನ್ನು ಕರೆಯುವ ಚಪ್ಪಾಳೆ. ಕಿಟಕಿಯಿಂದ ಇಣುಕಿದೆ. ಅದಮೋರ್ ಮೇಸ್ತ್ರಿ. ಹಿಂದೆ ನಾಲ್ಕು ಜನ ವೆಲ್ಡಿಂಗಿನವರು, ಕೈಯಲ್ಲಿ ಅಳತೆಯ ಟೇಪು, ಪೆನ್ಸಿಲು.

ಆರು ಮತಕ್ಕೆ ಐದು. ಹಾವು ಗೆದ್ದಿತು!

ಆದರೆ ಕಂಪ್ಯೂಟರ್ ಶೆಡ್ಡಿಗೆ ಬರುವ ಹಾಗಿಲ್ಲವಂತೆ. ಅಳತೆಯೆಲ್ಲ ಕಾಗದದಲ್ಲಿ ಬರೆದು ಕೊಡಬೇಕಂತೆ. ಒಂದೊಂದು ಚಿಪ್ಪೂ ಯಾವ ಕಡೆ ತಿರುಗುತ್ತದೆ ಅಂತ ಕಾಗದದಲ್ಲಿ? ಕೊಡುವುದಿಲ್ಲ ಅಂದೆ. ಬೇಕಾದವರು ಇಲ್ಲಿಗೇ ಬಂದು ಪರದೆಯಲ್ಲಿ ನೋಡಿಕೊಂಡು ಅಳತೆ ಬರೆದುಕೊಳ್ಳಲಿ. ಕಂಪ್ಯೂಟರ್ ಹಾಕಿ ಇಲ್ಲಿ ಕೂತಿದ್ದೇನೆ, ಬರೆಯುತ್ತಲೇ ಇದ್ದೇನೆ. ಬಾಗಿಲು ತೆರೆದಿದೆ, ನೀಲಿ ಹೊಸ್ತಿಲ ತನಕ ಚೆಲ್ಲಿದೆ.

ವೆಲ್ಡಿಂಗಿನವರು ನಾಲ್ವರೂ ಒಳಗೆ ಬಂದಾಯಿತು. ಒಬ್ಬ ಶಿಲುಬೆ ಗುರುತು ಮಾಡಿಕೊಂಡ, ಬಂದ.

ಮೇಸ್ತ್ರಿ ಹೊಸ್ತಿಲಾಚೆ ನಿಂತಿದ್ದಾರೆ. ಬೆಳಕಿನ ಅಂಚಿಗೆ ಬೂಟು ತಾಗದ ಹಾಗೆ.

"ಅಲ್ಲಿಂದಲೇ ಹೇಳು ಮಗಳೇ, ತಲೆ ಎಷ್ಟು ಮೀಟರ್?"

"ಇಲ್ಲಿಗೆ ಬಂದು ನೋಡಿ ಮೇಸ್ತ್ರಿ."

ಅಮ್ಮ ಅಡುಗೆಮನೆಯಿಂದ ಮೇಸ್ತ್ರಿಯನ್ನು ಕೂಗುತ್ತಿದ್ದಾಳೆ, ಕಾಫಿ ಆರಿಹೋಗುತ್ತೆ, ಬರೋದಾದ್ರೆ ಬಾ ಅಂತ.

ಕಾಲು ಎತ್ತಿದರು. ಇಲ್ಲ, ಹಿಂದಿಟ್ಟರು. ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಮತ್ತೆ ಎತ್ತಿ —