ಹಸಿರು ಮಾಸಿದ ಕಾವಲುಗಾರರು

ಮನೆಯಿಂದ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೇತುವೆ ಸಾಹೇಬರಿಗೆ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೋ, ಇಲ್ಲ ಕಾಂಕ್ರೀಟಿನ ಹತ್ತಿರ ನಿಂತುಕೊಂಡು ಬರೀ ಟೀಯಲ್ಲೇ ದಿನ ದೂಡುತ್ತಿದ್ದೀರೋ? ಮುಂಗೈ ಮೇಲಿನ ಕಲೆ ಹೇಗಿದೆ? ಅಂಚು ಕೆಂಪಗಾದರೆ, ಮತ್ತೆ ಗಂಟು ಕಟ್ಟಿದ ಹಾಗೆ ಅನ್ನಿಸಿದರೆ ಕೂಡಲೇ ಶಿಬಿರದ ಡಾಕ್ಟರಿಗೆ ತೋರಿಸಿ, ಅಂಗಿಯ ತೋಳು ಕೆಳಗಿಳಿಸಿಕೊಂಡು ಓಡಾಡಬೇಡಿ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಯವರಿಗೆ ಹೊಸ ಕನ್ನಡಕ ಬಂದಿದೆ, ಅಂದಿನಿಂದ ನಾನು ಗುಡಿಸಿದ ನೆಲದಲ್ಲಿ ಅವರಿಗೆ ಮೊದಲಿಗಿಂತ ಹೆಚ್ಚು ಕಸ ಕಾಣುತ್ತಿದೆ. ಮಗಳಿಗೆ ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ. ದಿನವಿಡೀ ನಾಲಿಗೆಯಲ್ಲಿ ಅದನ್ನೇ ನೂಕುತ್ತಾ, ಕಂಡವರಿಗೆಲ್ಲ ಬಾಯಿ ತೆರೆದು ತೋರಿಸುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಆದರೆ ಫೋನು ಮೊದಲು ನಿಮ್ಮ ತಾಯಿಯ ಕೈಗೆ, ಆಮೇಲೆ ನಿಮ್ಮ ಮಗಳ ಕೈಗೆ. ನನ್ನ ಸರದಿ ಬರುವಷ್ಟರಲ್ಲಿ ನಿಮ್ಮ ಗುಡ್ಡದ ಸಿಗ್ನಲ್ ಕೈಕೊಟ್ಟಿರುತ್ತದೆ. ಕಾಗದವಾದರೆ ಯಾರೂ ಕಿತ್ತುಕೊಳ್ಳುವುದಿಲ್ಲ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಕೂತಿದ್ದೇನೆ. ಸುತ್ತಿಬಳಸಿ ಬರುತ್ತೇನೆ, ಸ್ವಲ್ಪ ತಾಳಿಕೊಳ್ಳಿ. ಈ ಸೇತುವೆ ಮುಗಿಯುತ್ತಾ ಬಂತು, ಅದೇ ನದಿಗೆ ಇನ್ನೂ ಮೇಲೆ ಮತ್ತೊಂದು ಬರುತ್ತಿದೆ, ಅದಕ್ಕೆ ನೀವೇ ಮುಖ್ಯ ಎಂಜಿನಿಯರ್, ಇನ್ನೂ ಮೂರು ವರ್ಷ. "ನೀನು ಹೂಂ ಅಂದ್ರೆ ಸಹಿ ಹಾಕ್ತೀನಿ, ಇಲ್ಲಾಂದ್ರೆ ಇಲ್ಲ" ಅಂದಿರಿ. ಈ ತಿಂಗಳೊಳಗೆ ಹೇಳಬೇಕು. ಎಷ್ಟು ಸಲೀಸಾಗಿ ಹೊರೆಯನ್ನು ನನ್ನ ತಲೆಗೆ ದಾಟಿಸಿದಿರಿ, ಎಷ್ಟಾದರೂ ಭಾರ ದಾಟಿಸುವುದೇ ನಿಮ್ಮ ಕಸುಬು. ಆದರೆ ಅವತ್ತು ಫೋನಿಟ್ಟ ಮೇಲೂ ನಿಮ್ಮ ದನಿ ನನ್ನ ಕಿವಿಯಲ್ಲೇ ಇತ್ತು. ಅದರಲ್ಲಿ ಆಸೆ ಇತ್ತು. ಇಷ್ಟು ವರ್ಷ ಬೇರೆಯವರ ನಕ್ಷೆಗೆ ಕಂಬ ನಿಲ್ಲಿಸುತ್ತಾ ಬಂದವರಿಗೆ ತಮ್ಮದೇ ನಕ್ಷೆಯ ಸೇತುವೆ ಅಂದರೆ ಏನು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಅತ್ತೆಯವರ ತೀರ್ಪಂತೂ ಅವತ್ತೇ ಬಂತು: "ಕೆಲಸ ತಾನಾಗಿ ಹುಡುಕ್ಕೊಂಡು ಬಂದಾಗ ಬೇಡ ಅನ್ನಬಾರದು. ಮನೆ ನೋಡ್ಕೊಳ್ಳೋಕೆ ನಾವಿಬ್ಬರು ಇದ್ದೀವಲ್ಲ." ಇನ್ನು ಉಳಿದವಳು ನಾನು. ನಾನೇ ಅಲ್ಲಿಗೆ ಬರೋಣವೆಂದರೆ ಪ್ರಯೋಗಾಲಯವನ್ನು ಗಂಟು ಕಟ್ಟಿಕೊಂಡು ಬರಲಾರೆ, ನಿಮ್ಮ ಶಿಬಿರದ ಹತ್ತಿರ ಶಾಲೆಯೂ ಇಲ್ಲ. ಅದನ್ನು ಹಿಂದೆಯೇ ಮಾತಾಡಿ ಮುಗಿಸಿದ್ದೇವೆ.

ನಿಮ್ಮ ವಾದದಲ್ಲಿ ಇನ್ನೊಂದು ಮಾತಿತ್ತು. "ಆ ಕಾಯಿಲೆ ಒಂದು ಸಲ ಬಂದು ಹೋಯ್ತು, ಇನ್ನು ನಂಗೇನೂ ಆಗಲ್ಲ. ಮೈಯೊಳಗೆ ಕಾವಲಿದೆ, ನೀನೇ ಹೇಳಿದ್ದೆ." ಹೌದು, ನಾನೇ ಹೇಳಿದ್ದೆ. ನಾನು ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಬಂದ ಪರಾವಲಂಬಿ ಸೂಕ್ಷ್ಮಜೀವಿಯನ್ನೇ ನೀವು ಮರಳುನೊಣದಿಂದ ಕಚ್ಚಿಸಿಕೊಂಡು ಕೈಮೇಲೆ ಹುಣ್ಣು ಮಾಡಿಕೊಂಡು ಬಂದಿರಿ. ಹೆಂಡತಿಯ ಕೆಲಸದ ಮೇಲೆ ಅಷ್ಟೊಂದು ಆಸಕ್ತಿ ಬೇಕಿರಲಿಲ್ಲ. ಆ ಕಾವಲು ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ನಾನು ಪೂರ್ತಿ ಹೇಳಿರಲಿಲ್ಲ, ಅರ್ಧ ಕೇಳುವಷ್ಟರಲ್ಲಿ ನಿಮಗೆ ನಿದ್ದೆ ಹತ್ತಿತ್ತು. ಈಗ ಕಾಗದ ಕೈಯಲ್ಲಿದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಟಿ ಜೀವಕೋಶ ಅಂತ ಕರೆಯುವ ಈ ಕಾವಲುಗಾರರ ಮೂಲ ಮೂಳೆಯೊಳಗಿನ ಮಜ್ಜೆ. ಅಲ್ಲಿಂದ ಹಸುಳೆಗಳಾಗಿದ್ದಾಗಲೇ ಹೊರಟು ಎದೆಮೂಳೆಯ ಹಿಂದೆ, ಹೃದಯದ ಮೇಲುಗಡೆ ಇರುವ ಥೈಮಸ್ ಅನ್ನುವ ಗ್ರಂಥಿಗೆ ಬಂದು ಸೇರುತ್ತವೆ. ಅಲ್ಲಿ ಅವಕ್ಕೆ ಪರೀಕ್ಷೆ. ಮೈಯ ಸ್ವಂತ ಕೋಶಗಳು ಎದುರು ನಿಂತು, ನಮ್ಮ ಗುರುತು ಹಿಡಿ ಅನ್ನುತ್ತವೆ. ಗುರುತೇ ಹತ್ತದಿದ್ದರೆ ಅಂಥದ್ದು ಅಲ್ಲೇ ಸಾಯಬೇಕು. ಅತಿಯಾಗಿ ಅಂಟಿಕೊಂಡರೂ ಸಾಯಬೇಕು, ಯಾಕೆಂದರೆ ಅದು ನಾಳೆ ತನ್ನ ಮೈಯ ಮೇಲೇ ಬೀಳುತ್ತದೆ. ದೂರ ನಿಂತರೂ ತಪ್ಪು, ತೀರ ಹತ್ತಿರ ಬಂದರೂ ತಪ್ಪು. ನಿಮ್ಮ ತಾಯಿ ಸೊಸೆ ಹುಡುಕಿದ ರೀತಿಯೂ ಹೆಚ್ಚುಕಡಿಮೆ ಹೀಗೇ ಇತ್ತು ಅಂತ ಕೇಳಿದ್ದೇನೆ. ನೂರಕ್ಕೆ ನಾಲ್ಕೈದು ಪಾಸಾದರೆ ಹೆಚ್ಚು. ಇನ್ನೊಂದು ಸಂಗತಿ, ಈ ಗ್ರಂಥಿ ದೊಡ್ಡದಾಗಿರುವುದು ಮಕ್ಕಳಲ್ಲಿ, ನಮ್ಮ ವಯಸ್ಸಿಗೆ ಬರುವಾಗ ಕುಗ್ಗಿ ಬಹುಪಾಲು ಬರೀ ಕೊಬ್ಬಾಗಿರುತ್ತದೆ. ನಮ್ಮದು ಯಾವುದು, ಹೊರಗಿನದು ಯಾವುದು ಅನ್ನುವ ಪಾಠವೆಲ್ಲ ಹೆಚ್ಚಾಗಿ ಎಳವೆಯಲ್ಲೇ ನಡೆದುಹೋಗುತ್ತದೆ. ಮಗಳು ಹಲ್ಲು ನೂಕುತ್ತಾ ಪಕ್ಕದಲ್ಲಿ ಕೂತಿರುವಾಗ, ಇವಳ ಎದೆಯೊಳಗೆ ಈಗ ಇದೆಲ್ಲ ನಡೆಯುತ್ತಿದೆ ಅಂತ ನೆನೆದು ಸುಮ್ಮನೆ ನೋಡುತ್ತೇನೆ. "ಏನಮ್ಮಾ?" ಅನ್ನುತ್ತಾಳೆ. ಏನಿಲ್ಲ ಅನ್ನುತ್ತೇನೆ.

ಪಾಸಾದವು ಹೊರಗೆ ಬಂದು ಅಲೆಯತೊಡಗುತ್ತವೆ. ಗಂಟಲು ನೋವಾದಾಗ ದವಡೆಯ ಕೆಳಗೆ ಕೈಗೆ ಸಿಗುತ್ತವಲ್ಲ ಗಂಟುಗಳು, ಅಂಥ ದುಗ್ಧಗ್ರಂಥಿಗಳು ಮೈತುಂಬ ಇವೆ. ರಕ್ತದಲ್ಲಿ ತೇಲಿಕೊಂಡು ಒಂದಕ್ಕೆ ಹೋಗುವುದು, ಒಳಗೆಲ್ಲ ಇಣುಕುವುದು, ಕೆಲಸ ಇಲ್ಲವೆಂದರೆ ಮುಂದಿನದಕ್ಕೆ ಹೋಗುವುದು, ಇದೇ ಅವುಗಳ ದಿನಚರಿ. ನಿಮಗೆ ನೊಣ ಕಚ್ಚಿತಲ್ಲ, ಆಗ ಚರ್ಮದಲ್ಲಿ ಸುದ್ದಿ ಒಯ್ಯುವ ಕೋಶಗಳು ಪರಾವಲಂಬಿಯ ಚೂರುಗಳನ್ನು ಹೊತ್ತುಕೊಂಡು ನಿಮ್ಮ ಕಂಕುಳಿನ ಗ್ರಂಥಿಗೆ ಬಂದವು. ಎಷ್ಟೋ ಟಿ ಕೋಶಗಳು ಆ ಚೂರನ್ನು ಮುಟ್ಟಿ ನೋಡಿ ಮುಂದೆ ಹೋದವು. ಯಾವುದೋ ಒಂದಕ್ಕೆ ಅದು ಸರಿಯಾಗಿ ಹೊಂದಿತು, ಅದು ನಿಂತಿತು. ನಿಂತದ್ದು ಎರಡಾಯಿತು, ನಾಲ್ಕಾಯಿತು, ಕೆಲವೇ ದಿನಗಳಲ್ಲಿ ದಂಡಾಯಿತು. ಆ ದಂಡು ಗ್ರಂಥಿ ಬಿಟ್ಟು ರಕ್ತಕ್ಕಿಳಿದು, ಗಾಯದಿಂದ ಬರುವ ರಾಸಾಯನಿಕದ ಜಾಡು ಹಿಡಿದು ನಿಮ್ಮ ಮುಂಗೈಗೆ ಬಂದು ನೋಡಿದರೆ ಅಲ್ಲಿನ ಅವಸ್ಥೆಯೇ ಬೇರೆ. ಕಂಡದ್ದನ್ನೆಲ್ಲ ನುಂಗುವ ದೊಡ್ಡ ಕೋಶಗಳು ಪರಾವಲಂಬಿಯನ್ನೂ ನುಂಗಿ ಕೂತಿದ್ದವು. ಅದು ಅವುಗಳ ಹೊಟ್ಟೆಯೊಳಗೆ ಸಾಯುವುದು ಬಿಟ್ಟು ಹಾಯಾಗಿ ಸಂಸಾರ ಹೂಡಿತ್ತು. ಟಿ ಕೋಶಗಳು ಪಕ್ಕದಲ್ಲಿ ನಿಂತು ಸೂಚನೆ ಕೊಟ್ಟ ಮೇಲೆಯೇ ಆ ಸೋಮಾರಿಗಳು ಎಚ್ಚೆತ್ತು ನುಂಗಿದ್ದನ್ನು ಕೊಂದವು. ಡಾಕ್ಟರ ಮದ್ದೂ ಸೇರಿ ಗಾಯ ಮಾಯಿತು. ಆದರೂ ಒಂದಿಷ್ಟು ಪರಾವಲಂಬಿಗಳು ಒಳಗೆಲ್ಲೋ ಉಳಿದೇ ಇರುತ್ತವೆ, ಅವು ಇರುವುದರಿಂದಲೇ ಕಾವಲೂ ತೂಕಡಿಸುವುದಿಲ್ಲ. ಅದಕ್ಕೇ ಹೇಳುವುದು, ಕಾವಲಿದೆ ಅಂತ ಸೊಳ್ಳೆಪರದೆ ಮಡಚಿಟ್ಟು ಮಲಗಬೇಡಿ.

ಈಗ ನನ್ನ ಪೆದ್ದುತನ ಕೇಳಿ. ಇಲಿಯಿಂದ ಟಿ ಕೋಶಗಳನ್ನು ತೆಗೆದು, ಹಸಿರು ಬಣ್ಣ ಕುಡಿಸಿ, ಇನ್ನೊಂದು ಇಲಿಯ ರಕ್ತಕ್ಕೆ ಬಿಟ್ಟಿದ್ದೆ. ಆ ಇಲಿಯ ಕಿವಿಗೆ ಅದೇ ಪರಾವಲಂಬಿಯ ಸೋಂಕು ಕೊಟ್ಟು, ವಾರಗಳು ಕಳೆದ ಮೇಲೆ ಕಿವಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕೂತೆ. ಆ ಕೋಣೆ ನಿಮಗೆ ಗೊತ್ತಲ್ಲ, ಕಿಟಕಿಗೆ ಕರಿಬಟ್ಟೆ, ಹಗಲಲ್ಲೂ ಕತ್ತಲು, ಯಂತ್ರಕ್ಕೋಸ್ಕರ ಇಡೀ ದಿನ ಚಳಿ. ನಿಮ್ಮ ಹಳೆಯ ಸ್ವೆಟರನ್ನು ಅಲ್ಲೇ ಇಟ್ಟುಕೊಂಡಿದ್ದೇನೆ. ಮೊದಮೊದಲು ಅದರಲ್ಲಿ ನಿಮ್ಮ ವಾಸನೆ ಇತ್ತು, ಈಗ ಬರೀ ಸ್ಪಿರಿಟ್ ವಾಸನೆ. ಎಷ್ಟು ನೋಡಿದರೂ ಕಿವಿಯಲ್ಲಿ ಹಸಿರು ಕಾಣಲಿಲ್ಲ. ದುಗ್ಧಗ್ರಂಥಿಯಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಫಳಫಳ ಹೊಳೆಯುತ್ತಾ ಕೂತಿದ್ದವು, ಅಷ್ಟೇ. ಬಿಟ್ಟ ಕೋಶಗಳೆಲ್ಲ ದಾರಿಯಲ್ಲೇ ಸತ್ತಿವೆ, ತಿಂಗಳುಗಳ ಕೆಲಸ ನೀರುಪಾಲಾಯಿತು ಅಂದುಕೊಂಡು ಕೈತೊಳೆಯುವ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನೀವು ಆ ಪ್ರಶ್ನೆ ಕೇಳಿದ ವಾರವೇ ಅದು. ಎಲ್ಲ ಹೋಯಿತು ಅಂತ ನಂಬಲು ನಾನು ಮೊದಲೇ ತಯಾರಾಗಿ ನಿಂತಿದ್ದೆ. ನಮ್ಮ ಮುಖ್ಯಸ್ಥೆ, ನಾವೆಲ್ಲ ದೊಡ್ಡಕ್ಕ ಅನ್ನುವವರು, ಚಿತ್ರ ನೋಡಿ ನನ್ನ ಮುಖ ನೋಡಿದರು. "ಎಷ್ಟು ವರ್ಷದಿಂದ ಇದೀಯ ಇಲ್ಲಿ? ಕೋಶ ಒಂದೊಂದು ಸಲ ಒಡೆದು ಎರಡಾದಾಗಲೂ ಬಣ್ಣ ಅರ್ಧರ್ಧ ಹಂಚಿಹೋಗುತ್ತಲ್ಲ, ವಾರಗಟ್ಟಲೆ ಆದ ಮೇಲೆ ಹಸಿರು ಎಲ್ಲಿರುತ್ತೆ? ಹುಟ್ಟುಗುರುತು ಹುಡುಕು, ಹೋಗು" ಅಂದರು. ನಾಚಿಕೆಯಿಂದ ಸತ್ತಂತಾಯಿತು. ಹೊಸದಾಗಿ ಸೇರಿದವರಿಗೆ ನಾನೇ ಹೇಳಿಕೊಡುವ ಪಾಠ ಅದು. ಆ ಕೋಶಗಳ ಮೈಮೇಲೆ, ಎರಡನೇ ಇಲಿಯ ಕೋಶಗಳಿಗೆ ಇಲ್ಲದ, ಹುಟ್ಟಿನಿಂದ ಬಂದ ಗುರುತೊಂದು ಇರುತ್ತದೆ, ಎಷ್ಟು ಒಡೆದರೂ ಅದು ಮಾಸುವುದಿಲ್ಲ. ಅದಕ್ಕೆ ಅಂಟುವ ಕೆಂಪು ಬಣ್ಣ ಹಾಕಿ ನೋಡಿದೆ. ಇಡೀ ಕಿವಿ ಕೆಂಪಾಯಿತು. ಎಲ್ಲವೂ ಅಲ್ಲೇ ಇದ್ದವು, ದುಡಿದು ದುಡಿದು ಹಸಿರು ಕಳೆದುಕೊಂಡಿದ್ದವು. ಗ್ರಂಥಿಯಲ್ಲಿ ಫಳಫಳ ಹೊಳೆಯುತ್ತಿದ್ದವಲ್ಲ, ಅವು ಏನೂ ಮಾಡದೆ ಕೂತವು.

ಅವತ್ತು ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ದಾರಿಯುದ್ದಕ್ಕೂ ನಿಮ್ಮದೇ ಯೋಚನೆ. ನಿಮ್ಮ ಫೋನು ವಾರಕ್ಕೊಂದಾಯಿತು, ಮಾತು ಚಿಕ್ಕದಾಯಿತು. ರಜೆಯಲ್ಲಿ ಬಂದಾಗಲೂ ನೀವು ಅರ್ಧ ಅಲ್ಲೇ ಇರುತ್ತೀರಿ. ಇವರು ನಮ್ಮಿಂದ ಮಾಸಿಹೋಗುತ್ತಿದ್ದಾರೆ ಅಂತ ನಾನು ಒಳಗೊಳಗೇ ಲೆಕ್ಕ ಹಾಕಿಬಿಟ್ಟಿದ್ದೆ. ಅದು ನಾನು ಇಲಿಯ ಕಿವಿಯಲ್ಲಿ ಮಾಡಿದ ತಪ್ಪೇ ಇರಬಹುದು ಅನ್ನಿಸಿತು. ಹಾಗಂತ ನಾನೇನು ಕಲ್ಲಲ್ಲ. ನೀವು ಯಾವ ಮೆಟ್ಟಿಲು ಹತ್ತುವ ಮೊದಲೂ ಕಂಬಿಯನ್ನೊಮ್ಮೆ ಅಲ್ಲಾಡಿಸಿ ನೋಡುತ್ತಿದ್ದಿರಿ, ಯಾರ ಮನೆಗೆ ಹೋದರೂ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಡುತ್ತಿದ್ದಿರಿ, ನನಗೆ ನಾಚಿಕೆಯಾಗಿ ಅಂಗಿ ಹಿಡಿದು ಎಳೆಯುತ್ತಿದ್ದೆ. ಈಗ ಈ ಮನೆಯಲ್ಲಿ ಗೋಡೆ ತಟ್ಟುವವರಿಲ್ಲ. ಮಂಚದ ನಿಮ್ಮ ಕಡೆಯಲ್ಲಿ ಒಗೆದ ಬಟ್ಟೆ ರಾಶಿ ಹಾಕುತ್ತೇನೆ, ಖಾಲಿ ಕಾಣಬಾರದು ಅಂತ. ನೀವಿಲ್ಲದೆ ನನಗೆ ಬೇಸರವಾಗುತ್ತದೆ, ಬೇರೆ ದೊಡ್ಡ ಮಾತೇನೂ ಇಲ್ಲ. ಆದರೆ ನನ್ನ ಬೇಸರಕ್ಕೋಸ್ಕರ ನಿಮ್ಮ ಸೇತುವೆಯನ್ನು ಬೇಡ ಅಂದರೆ ನಾಳೆ ನೀವು ಇಲ್ಲೇ ಕೂತಿದ್ದರೂ ನದಿಯ ಕಡೆಗೇ ನೋಡುತ್ತಿರುತ್ತೀರಿ. ಅದನ್ನು ನೋಡಿಕೊಂಡಿರುವ ಶಕ್ತಿ ನನಗಿಲ್ಲ. ಮೂರು ವರ್ಷ ತಾನೇ, ಇದುವರೆಗಿನದು ಹೇಗೋ ಕಳೆಯಿತು, ಇದೂ ಕಳೆಯುತ್ತದೆ. ಆದ್ದರಿಂದ ಹೂಂ. ಸಹಿ ಹಾಕಿ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ಮಗಳು ಒಂದು ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆ ಒದ್ದೆಯಾಗಿರುವುದು ಅದಕ್ಕೇ. ಮೈ ಬಗ್ಗೆ ಗಮನ ಇರಲಿ, ಬಿಸಿಲಲ್ಲಿ ಟೋಪಿ ಇಲ್ಲದೆ ನಿಲ್ಲಬೇಡಿ.

ಎಂದೆಂದಿಗೂ ನಿಮ್ಮವಳಾದ
ಇಲಿ ಡಾಕ್ಟರ್

ತಾ.ಕ.: ಲಕೋಟೆಗೆ ಅಂಟು ಹಚ್ಚಬೇಕು ಅನ್ನುವಷ್ಟರಲ್ಲಿ ಹೊರಗೆ ಮೆಟ್ಟಿಲ ಮೇಲೆ ಅಜ್ಜಿ ಮೊಮ್ಮಗಳು ಮನೆಯಾಟ ಆಡುವುದು ಕೇಳಿಸಿತು. ಮಗಳು ಅಮ್ಮ, ಬೊಂಬೆ ಮಗು, ನಿಮ್ಮ ತಾಯಿ ಅಪ್ಪ. ಅಪ್ಪನ ಕೆಲಸ ಏನೆಂದರೆ ಕೆಳಗಿನ ಮೆಟ್ಟಿಲಲ್ಲಿ ನಿಂತು, ಕೈ ಕಿವಿಗಿಟ್ಟುಕೊಂಡು "ಹಲೋ, ಕೇಳಿಸ್ತಿದೆಯಾ" ಅನ್ನುವುದು. ಅತ್ತೆ ಮೂರ್ನಾಲ್ಕು ಸಲ ಅಂದರು, ನಾನು ಒಳಗೆ ನಗುತ್ತಿದ್ದೆ. ಆಮೇಲೆ "ಸಾಕು ಕಣೇ, ಮಂಡಿ ನೋಯ್ತಿದೆ. ಅಪ್ಪ ಈಗ ಮನೆಗೆ ಬಂದ ಅಂತ ಆಡೋಣ" ಅಂದರು. ಅದಕ್ಕೆ ನಿಮ್ಮ ಮಗಳು, ಸಿಟ್ಟಿಲ್ಲ, ಬೇಸರವಿಲ್ಲ, ಆಟ ಗೊತ್ತಿಲ್ಲದವರಿಗೆ ಹೇಳಿಕೊಡುವ ಹಾಗೆ, "ಇಲ್ಲ ಅಜ್ಜಿ, ಅಪ್ಪ ಒಳಗೆ ಬರೋದಿಲ್ಲ. ಅಪ್ಪ ಅಲ್ಲೇ ಇರೋದು" ಅಂದಳು. ಅತ್ತೆ ಒಳಗೆ ಬಂದು ಮುಖ ತೊಳೆದುಕೊಂಡರು. ನನ್ನ ಕಡೆ ನೋಡದೆ, "ಕಾಗದ ಅಂಟಿಸಿಬಿಟ್ಟೆಯಾ?" ಅಂತ ಕೇಳಿದರು. ಇನ್ನೂ ಇಲ್ಲ ಅಂದೆ. ಹೊಸ ಹಾಳೆಗೆ ಕೂತರೆ ಮತ್ತೆ ಏನೇನೋ ಸಮಾಧಾನ ಹೇಳಿಕೊಂಡೇನು, ಇದರಲ್ಲೇ ಬರೆಯುತ್ತಿದ್ದೇನೆ. ಮೇಲೆ ಬರೆದ ಹೂಂ ವಾಪಸ್ ತೆಗೆದುಕೊಂಡಿದ್ದೇನೆ. ಸಹಿ ಹಾಕಬೇಡಿ. ಬಂದುಬಿಡಿ.